ಹೊಳೆಯ ಹೆಸರು, ಮುತ್ಯಾನ ಹೆಸರು

ಗೌರಿ, ಮಲ್ಲು, ಮೊಮ್ಮಕ್ಕಳೇ, ನಿಮ್ಮ ಆಯಿಗೆ ಅಕ್ಷರ ಬರುತ್ತದೆ, ಧೈರ್ಯ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ಆದರೂ ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಸೆರಗು ತಾನಾಗಿ ಬಾಯಿಗೆ ಬರುತ್ತದೆ. ಅದರ ಮೇಲೆ ನನ್ನ ಹಣೆಬರಹ ನೋಡಿ: ನಿಮ್ಮ ಮುತ್ಯಾನ ಹೆಸರಿನ ಮೊದಲ ಎರಡಕ್ಷರವೇ ನನ್ನ ತವರೂರು ತಿಂಥಣಿಯ ಹೊಳೆಯ ಹೆಸರು, ಕೊನೆಗೊಂದು 'ಪ್ಪ' ಮಾತ್ರ ಹೆಚ್ಚು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಹೇಳಿ ಕಳಿಸಿದ್ದಳು. ಹೀಗಾಗಿ ಮದುವೆಯಾದ ದಿನದಿಂದ ಹೊಳೆಯ ಹೆಸರನ್ನೂ ನಾನು ಎತ್ತಲಿಲ್ಲ.

ಸುರಪುರದ ಈ ಮನೆಗೆ ಮೊದಲ ಸಲ ಬಂದಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರ ಹೇಳಿ ಒಳಗ ಬಾ, ವೈನಿ" ಎಂದಳು. ಉಳಿದ ಹುಡುಗಿಯರು ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಒಡಪು ಕಟ್ಟಿ ಹೇಳುತ್ತಾರೆ. ನಾನು "ನಮ್ಮೂರ ಹೊಳಿ ಹೆಸರ" ಎಂದು ಅವಳ ಕೈ ಕೆಳಗಿನಿಂದ ಒಳಗೆ ನುಸುಳಿದೆ. ಮುತ್ಯಾ ಕೊನೆಯವರೆಗೂ ಕಾಡಿದರು: "ನೀ ಹೊಳ್ಯಾಗ ಮುಳಗಾಕತ್ತಿದ್ರೂ ನನ್ನ ಹೆಸರ ಹಿಡದು ಕರಿಯಂಗಿಲ್ಲ ಬಿಡು." ನಾನು ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದೆ.

ಇಷ್ಟೆಲ್ಲ ಹೇಳಲು ಕಾರಣ, ಗೌರಿ, ನಿನ್ನ ನಕಾಶೆ. ಹೋದ ತಿಂಗಳು ನೀನು ನೀಲಿ ಗೆರೆ ತೋರಿಸಿ, "ಆಯಿ, ತಿಂಥಣಿ ಹೊಳಿ ಹೆಸರೇನು?" ಎಂದು ಕೇಳಿದೆ. ಅದು ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ, ಮುಂದೆ ಯಾದಗಿರಿ ಕಡೆಯಿಂದ ಬರುವ ಭೀಮೆಯನ್ನು ಕೂಡಿಕೊಂಡು ಮೂಡಣ ಸಮುದ್ರಕ್ಕೆ ಹೋಗುತ್ತದೆ ಎಂದು ನಾನು ಎಲ್ಲ ಹೇಳಿದೆ. ಹೆಸರಿಗೆ ಬಂದಾಗ ಮಾತ್ರ "ದೊಡ್ಡ ಹೊಳಿ" ಎಂದುಬಿಟ್ಟೆ. ನೀನು ಹಾಗೆಯೇ ಬರೆದೆ. ಟೀಚರಮ್ಮ ಕೆಂಪು ಗೀಟು ಹಾಕಿದರು, ಹುಡುಗರು ನಕ್ಕರು. ಮನೆಗೆ ಬಂದು ನೀನು, "ಇನ್ನ ಮ್ಯಾಲೆ ನಿನ್ನ ಏನೂ ಕೇಳಂಗಿಲ್ಲ" ಎಂದು ಮುಖ ತಿರುಗಿಸಿದೆ. ಆ ಮಾತು ನನಗೆ ನಾಟಿತು.

ಮರುದಿನ ನಾನು ನಿರ್ಧಾರ ಮಾಡಿದೆ. ಮುತ್ಯಾನ ಆಯುಷ್ಯವೇ ಮುಗಿದಿದೆ, ಇನ್ನು ಕಡಿಮೆಯಾಗಲು ಏನಿದೆ? ಸೆರಗನ್ನು ಸೊಂಟಕ್ಕೆ ಬಿಗಿದು, ಬಾಯಿಗೆ ಬರದಂತೆ ಮಾಡಿ, ನಿನ್ನ ಜೊತೆ ಶಾಲೆಗೆ ನಡೆದೆ.

"ಬರ್ರಿ ಆಯಿ, ಏನಾತ್ರಿ?" ಎಂದರು ಟೀಚರಮ್ಮ.

"ತಪ್ಪು ಹುಡುಗೀದಲ್ರಿ, ನಂದು" ಎಂದು ಹೊಳೆಯ ಹೆಸರು ಹೇಳಿಯೇಬಿಟ್ಟೆ. ಇಷ್ಟು ವರ್ಷ ಒಳಗಿದ್ದ ಹೆಸರು, ಸ್ವಲ್ಪ ಜೋರಾಗಿಯೇ ಬಂತು. ಪಕ್ಕದ ತರಗತಿಯ ಮಗ್ಗಿ ನಿಂತಿತು. ಕಾರಣವನ್ನೂ ಹೇಳಿದೆ.

ಟೀಚರಮ್ಮ ತಮ್ಮ ಸೆರಗನ್ನು ಬಾಯಿಗೆ ಒತ್ತಿ ನಕ್ಕರು. "ಯಾದಗಿರಿ ಹೊಳಿ ಪಾಠ ಬಂದ್ರ ನಾ ಹುಡುಗರ ಕಡಿಂದನ ಓದಸ್ತೇನ್ರಿ. ಯಾಕಂತ ಕೇಳಬ್ಯಾಡ್ರಿ." ಕೇಳುವುದೇನಿದೆ, ಅವರ ಯಜಮಾನರು ಭೀಮರಾಯರೆಂದು ಊರಿಗೇ ಗೊತ್ತು.

ನಕಾಶೆಯ ಗೀಟು ಹೋಯಿತು. ಅವತ್ತು ಸಂಜೆ ನೀನು ನನ್ನ ಪಕ್ಕ ಕುಳಿತು, "ಆಯಿ, ಭೀಮಾ ಎಲ್ಲಿ ಹುಟ್ಟತೈತಿ?" ಎಂದು ಕೇಳಿದೆ. ನನಗೆ ಅಷ್ಟೇ ಬೇಕಿತ್ತು.

ಆ ಹೆಸರನ್ನು ನನ್ನ ಬಾಯಿಂದ ಕೇಳಬೇಕೆಂದು ಕಾದ ನಿಮ್ಮ ಮುತ್ಯಾ ಮಾತ್ರ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ: ಕೃಷ್ಣ. ಆ 'ಪ್ಪ'ವನ್ನು ಇದರ ಪಕ್ಕಕ್ಕೆ ತರಲು ಕೈ ಇನ್ನೂ ಒಪ್ಪುತ್ತಿಲ್ಲ, ನೀವೇ ಸೇರಿಸಿಕೊಳ್ಳಿ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಇಷ್ಟನ್ನಾದರೂ ಎರಡನೆಯ ಸಲ ಬರೆಯುವ ಧೈರ್ಯ ನಿಮ್ಮ ಆಯಿಗಿಲ್ಲ.