ಬಿಳಿಚಿಕೊಂಡವಳ ತಕರಾರು

ಕನ್ನಡದ ಒಂದು ಪದದ ಮೇಲೆ ನನಗೆ ಖಾಸಗಿ ದ್ವೇಷವಿದೆ: 'ಬಿಳಿಚಿಕೊಳ್ಳುವುದು'. ನಿಘಂಟು ಏನಾದರೂ ಹೇಳಲಿ, ನಮ್ಮ ಕಡೆ ಅದರ ಅರ್ಥ, ಇವಳ ಮೈಯಲ್ಲಿ ರಕ್ತವಿಲ್ಲ, ಇನ್ನು ಹೆಚ್ಚು ದಿನ ಬಾಳಲಾರಳು ಎಂದು. ನಾನು ಹುಟ್ಟಿದ್ದೇ ಈ ಬಣ್ಣದಲ್ಲಿ. ಹೆಣ್ಣು ನೋಡಲು ಬಂದಾಗ ಅತ್ತೆ ಇದೇ ಮುಖ ನೋಡಿ, "ಹುಡ್ಗಿ ಕೆಂಪಗವ್ಳೆ" ಎಂದು ಮೆಚ್ಚಿದ್ದರು. ಬಿಳುಪನ್ನು ಕೆಂಪು ಎನ್ನುವ ಆ ಔದಾರ್ಯ ಮದುವೆಯ ತನಕ ಮಾತ್ರ. ಜವಳಗಿರಿಯಲ್ಲಿನ ಗಂಡನ ಮನೆ ಸೇರಿದ ವಾರದೊಳಗೆ ಅದೇ ಮುಖ ಬಿಳಿಚಿಕೊಂಡಿತು. ಕೆಲಸಕ್ಕೆಂದು ಹೊಸೂರಿಗೆ ಹೋದರೆ ಅಲ್ಲೂ ಬಿಡುಗಡೆಯಿಲ್ಲ. ಫ್ಯಾಕ್ಟರಿ ಆಫೀಸಿನಲ್ಲಿ ಪಕ್ಕದ ಸೀಟಿನಾಕೆ, "ಎನ್ನಕ್ಕಾ, ವೆಳುತ್ತು ಪೋಯಿಟ್ಟೀಂಗ!" ಎಂದು ಅದೇ ಪದವನ್ನು ತಮಿಳಿನಲ್ಲಿ ಹೇಳಿ ಮರುಗುತ್ತಾಳೆ, ಬಸ್ಸಿನಲ್ಲಿ ತೆಲುಗಿನ ಅಜ್ಜಿಯರು ಮರುಗುತ್ತಾರೆ. ಹೀಗೆ ಮೂರು ಭಾಷೆಗಳಲ್ಲಿ ಸಾಯುತ್ತಲೇ ಎರಡು ಮುದ್ದೆ ನುಂಗಿ, ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಒಳಗೆ ಎಳೆದು ತರುತ್ತೇನೆ.

ಹೋದ ತಿಂಗಳು ನೆಂಟರ ಎದುರಿಗೇ ಅತ್ತೆ ನನ್ನ ಗಂಡನಿಗೆ, "ನೋಡ್ಲಾ, ಹೆಂಗ್ ಬಿಳಿಚ್ಕಂಡವ್ಳೆ! ಆಸ್ಪತ್ರೆಗೆ ತೋರ್ಸ್ಲಾ" ಎಂದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ರಕ್ತ ಟೆಸ್ಟ್ ಮಾಡಿಸ್ಕೋತೀನಿ ಅತ್ತೆ. ಆದ್ರೆ ನೀವೂ ಮಾಡಿಸ್ಕೋಬೇಕು. ಯಾರ್ಗೆ ಕಮ್ಮಿ ಅಂತ ನೋಡೇಬಿಡೋಣ."

"ನಂಗೇನಾಗೈತೆ? ಕಲ್ಲಿದ್ದಂಗಿದ್ದೀನಿ. ನಡಿ, ಬತ್ತೀನಿ!"

ಹೊಸೂರಿನ ಡಾಕ್ಟರು ಎರಡೂ ರಿಪೋರ್ಟ್ ನೋಡಿದರು. ನನಗೆ ಏನೂ ಆಗಿರಲಿಲ್ಲ. ರಕ್ತ ತೀರಾ ಕಡಿಮೆಯಿದ್ದದ್ದು ಅತ್ತೆಗೆ. ಡಾಕ್ಟರು ಅವರ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಾಗ ಒಳಗೆ ಸುಣ್ಣ ಬಳಿದಂತಿತ್ತು. ಹೊಲದಲ್ಲಿ ದುಡಿದು ಕಪ್ಪಾದ ಮುಖ ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ವಿಜಯಭಾಷಣವನ್ನು ನುಂಗಿಕೊಂಡೆ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಮೆಲ್ಲಗೆ ಕೇಳಿದರು: "ನಾನೂ ಬಿಳಿಚ್ಕಂಡಿದ್ದೀನಾ?"

"ಆ ಮಾತು ಇನ್ಮೇಲೆ ನಮ್ಮನೇಲಿ ಯಾರ್ಗೂ ಬೇಡ ಅತ್ತೆ" ಎಂದು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಈಗ ಅವರು ಮಾತ್ರೆ ನುಂಗುತ್ತಾರೆ, ನಾನು ಬಡಿಸಿದ ನುಗ್ಗೆಸೊಪ್ಪನ್ನು ಬೈದುಕೊಂಡೇ ತಿನ್ನುತ್ತಾರೆ. ಆ ಪದವನ್ನೂ ಬಿಟ್ಟಿದ್ದಾರೆ. ಬದಲಿಗೆ, ಮನೆಗೆ ಬಂದವರಿಗೆಲ್ಲ ಹೊಸದೊಂದನ್ನು ಹೇಳುತ್ತಾರೆ: "ನನ್ ಸೊಸೆಗೆ ರಕ್ತ ಬೇಕಾದಷ್ಟೈತೆ ಕಣಮ್ಮಾ. ಎಲ್ಲಾ ನಾಲ್ಗೆಗೇ ಹೋಗ್ಬುಟ್ಟೈತೆ, ಅಷ್ಟೆ." ಇದಕ್ಕೆ ಉತ್ತರ ಕೊಡಲು ಬಾಯಿ ತೆರೆದರೆ ಅವರ ಮಾತು ನಿಜವಾಗಿಬಿಡುತ್ತದೆ. ಗೊತ್ತು. ಆದರೂ ತೆರೆಯುತ್ತೇನೆ.