ಕಲ್ಲು ಹೊಡೆಸಿದ ಮೇಲಿನ ಮೊದಲ ಪಾಳಿ

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಹೊಸದಾಗಿ ಕಲ್ಲು ಹೊಡೆಸಿದ ಗಿರಣಿಗೆ ಮೊದಲು ಜೋಳ ಸುರಿಯಲು ನಮ್ಮೂರಲ್ಲಿ ಒಬ್ಬ ಹೆಂಗಸೂ ತಯಾರಿರಲಿಲ್ಲ, ನಡೆದದ್ದು ಇಷ್ಟೇ. ನನ್ನ ಸೊಸೆ ಸುಜಾತಾ ಇದನ್ನು ಒಪ್ಪುವುದಿಲ್ಲ. "ಇಲ್ರಿ ಅತ್ತೀ, ತಪ್ಪು ನಂದ. ನಾ ಬರದ ಪ್ರೋಗ್ರಾಂ ಅದನ್ನ ತಡಕೋಬೇಕಿತ್ತು" ಎನ್ನುತ್ತಾಳೆ. ಕಲಿತವರಿಗೆ ತಪ್ಪನ್ನು ತಮ್ಮ ಮೈಮೇಲೆ ಎಳೆದುಕೊಳ್ಳುವುದೂ ಒಂದು ದೊಡ್ಡಸ್ತಿಕೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ಮೊದಲು ಬಾಜೂಮನೆಯ ಕಡೆ ನೋಡುವುದು ನನ್ನ ರೂಢಿ. ಎಷ್ಟೋ ಸಲ ಅಲ್ಲೇ ಸಿಕ್ಕಿಬಿಡುತ್ತದೆ, ದೂರ ಹೋಗಬೇಕಾಗುವುದಿಲ್ಲ.

ಕುಂದಗೋಳದ ಕಡೆ ಎರೆಹೊಲದ ನಡುವಿನ ಊರು ನಮ್ಮದು. ಊರಿನ ಹಿಟ್ಟಿನ ಗಿರಣಿ ನಮ್ಮ ಮನೆಯದು. ಮಾವನವರು ಹಾಕಿದರು, ಗಂಡ ನಡೆಸಿದರು, ಈಗ ಮಗ ಈರಣ್ಣ ನಡೆಸುತ್ತಾನೆ. ಪಾಳಿ ಹಚ್ಚುವುದಕ್ಕೆ ಮೊದಲೆಲ್ಲ ಡಬ್ಬಿಯೇ ಸಾಕಾಗಿತ್ತು. ಕಾಳು ತುಂಬಿದ ಡಬ್ಬಿಯನ್ನು ತಂದು ಸಾಲಿನಲ್ಲಿಟ್ಟು ಹೋದರೆ ಆಯಿತು, ನಿಲ್ಲುವುದು ಡಬ್ಬಿಯ ಕೆಲಸ. ಆದರೆ ನಮ್ಮೂರ ಡಬ್ಬಿಗಳಿಗೆ ಕಾಲಿವೆ. ಇಟ್ಟು ಹೋಗುವಾಗ ಮುಂದಿದ್ದದ್ದು, ಒಲೆ ಆರಿಸಿ ಬರುವಷ್ಟರಲ್ಲಿ ಹಿಂದೆ ನಿಂತಿರುತ್ತದೆ. ಅದರ ಮೇಲೆ ಇನ್ನೊಂದು: ಕಡಲೆ ಬೀಸಿದ ಬೆನ್ನಿಗೆ ನನ್ನ ಗೋದಿ ಹಾಕಿದಿರಿ ಎಂದು ಒಬ್ಬಳು, ನನ್ನ ಜೋಳಕ್ಕೆ ಮೆಂತೆಯ ವಾಸನೆ ಹತ್ತಿತು ಎಂದು ಮತ್ತೊಬ್ಬಳು. ಈ ಜಗಳ ಕೇಳಿ ಕೇಳಿ ಈರಣ್ಣನ ಎಡಗಿವಿ ಮಂದವಾಗಿದೆ. ಮೋಟಾರಿನ ಸಪ್ಪಳದಿಂದ ಹೀಗಾಗಿದೆ ಎಂದರು ಡಾಕ್ಟರು. ಪಾಪ, ಅವರು ನಮ್ಮ ಓಣಿಗೆ ಬಂದಿಲ್ಲ.

ಸುಜಾತಾ ನವಲಗುಂದದವಳು, ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದವಳು. ಲಗ್ನದಲ್ಲಿ ಅವಳ ತವರಿನವರು ಒಂದು ಚೆಂದದ ಜಮಖಾನೆ ಕೊಟ್ಟರು. ಅದರೊಳಗೆ ಈ ಕಂಪ್ಯೂಟರಿನ ಹುಚ್ಚನ್ನೂ ಸುತ್ತಿ ಕಳಿಸಿದ್ದು ನಮಗೆ ಆಮೇಲೆ ತಿಳಿಯಿತು. ಗಿರಣಿಯ ಜಗಳ ನೋಡಿ ನೋಡಿ ಅವಳು ಒಂದು ದಿನ ಎಲೆಅಡಿಕೆಯ ಡಬ್ಬಿಯಷ್ಟು ಗಾತ್ರದ ಒಂದು ಯಂತ್ರವನ್ನು ತಂದು ಸ್ವಿಚ್ಚಿನ ಹಲಗೆಯ ಪಕ್ಕದ ಗೂಡಿನಲ್ಲಿಟ್ಟಳು. "ಇದು ವೆಬ್ ಸರ್ವರ್‌ರಿ ಅತ್ತೀ. ಯಾರು ಫೋನಿನ್ಯಾಗ ಬಂದು ಏನ ಕೇಳ್ಲಿ, ಇದು ಉತ್ತರ ಕೊಡತೈತಿ" ಎಂದಳು. "ಅಂಥಾಕಿ ಗಂಗವ್ವ ಇದ್ದಾಳಲ್ಲ ಬೇ, ಮತ್ಯಾಕ ಇದು?" ಎಂದೆ. ಗಂಗವ್ವ ನಮ್ಮ ಬಾಜೂಮನೆಯವಳು. ಅವಳ ಉತ್ತರಕ್ಕೆ ಪ್ರಶ್ನೆಯೂ ಬೇಕಾಗಿಲ್ಲ.

ಈ ಸರ್ವರಿನ ಒಳಗುಟ್ಟನ್ನು ಸುಜಾತಾ ನನಗೆ ಗಿರಣಿ ತೋರಿಸಿಯೇ ತಿಳಿಸಿದಳು. ಗಿರಣಿಗೆ ಮೋಟಾರಿದೆ, ಪಟ್ಟಾ ಇದೆ. ಅವನ್ನು ದಿನಾ ಬಿಚ್ಚಿ ಕೂಡಿಸಲು ಆಗುವುದಿಲ್ಲ. ಆದರೆ ಹಿಟ್ಟು ಸಣ್ಣಗೆ ಬೇಕೋ ದಪ್ಪಗೆ ಬೇಕೋ ಎನ್ನುವುದಕ್ಕೆ ಮುಂದೊಂದು ತಿರುಪು ಇದೆ. ಮೋಟಾರು ತಿರುಗುತ್ತಿರುವಾಗಲೇ ಅದನ್ನು ತಿರುವಬಹುದು. ಅವಳ ಸರ್ವರೂ ಹಾಗೆಯೇ. ದೊಡ್ಡ ಭಾಗವನ್ನು ಒಂದು ಬಿರುಸು ಭಾಷೆಯಲ್ಲಿ ಬರೆದು ಗಟ್ಟಿ ಮಾಡಿಟ್ಟಿದ್ದಳು. ಅದರ ಹೊಟ್ಟೆಯೊಳಗೆ ಲುವಾ ಎಂಬ ಇನ್ನೊಂದು ಸಣ್ಣ ಭಾಷೆಯನ್ನು ಕೂಡಿಸಿದ್ದಳು. ಯಾರ ಹಿಂದೆ ಯಾರು, ಕಡಲೆಯ ನಂತರ ಏನು ಎಂಬ ನಿಯಮಗಳೆಲ್ಲ ಆ ಸಣ್ಣ ಭಾಷೆಯಲ್ಲಿ. ನಮ್ಮ ಹೆಂಗಸರು ದಿನಕ್ಕೊಂದು ನಿಯಮ ತರುವವರಾದ್ದರಿಂದ ತಿರುಪು ಬೇಕೇಬೇಕಿತ್ತು. ನನಗೆ ಪೂರಾ ತಿಳಿಯಿತು. ತಿಳಿಯದಿದ್ದರೂ ತಿಳಿಯಿತು ಎಂದೇ ಹೇಳುತ್ತಿದ್ದೆ, ಆ ಮಾತು ಬೇರೆ.

ಮೊದಮೊದಲು ಅದು ಬಹಳ ಕಾಡಿತು. ನಮ್ಮೂರಲ್ಲಿ ಶಾಂತವ್ವಗಳಿಗೆ ಬರವಿಲ್ಲ. ಒಬ್ಬ ಶಾಂತವ್ವ ಹೆಸರು ಹಚ್ಚಿದಳು, ಪಾಳಿ ಬಂತು. ಇನ್ನೊಬ್ಬಳು ಹಚ್ಚಿದೊಡನೆ ಮೊದಲಿನವಳು ಮಾಯ! ಹೆಸರು ಒಂದೇ ಆದ್ದರಿಂದ ಸರ್ವರು ಹೊಸಬಳನ್ನು ಹಳಬಳ ಮೇಲೆಯೇ ಕೂಡಿಸಿಬಿಡುತ್ತಿತ್ತಂತೆ. ಮಾಯವಾದ ಶಾಂತವ್ವ ಡಬ್ಬಿ ಹೊತ್ತು ಬಂದು, "ನಾ ಇನ್ನೂ ಜೀವಂತ ಅದೀನಿ ಅಂತ ನಿನ್ನ ಮಿಶನ್ನಿಗೆ ಹೇಳವಾ" ಎಂದು ಸುಜಾತಾಳ ಎದುರು ನಿಂತಳು. ಹೆಸರಿಗೆ ಮನೆತನದ ಹೆಸರು ಸೇರಿಸಿದ ಮೇಲೆ ಅದು ಸರಿಯಾಯಿತು. ಮುಂದೆ ಯಾರೋ ಎಷ್ಟು ಜೋಳ ಎಂದು ಬರೆಯದೇ ಬಿಟ್ಟರು, ಸರ್ವರು ಅಲ್ಲೇ ಮಲಗಿತು. "ಏನೂ ಬರೀಲಿಲ್ಲಂದ್ರ ಸೊನ್ನಿ ಅಂತ ತಿಳಕೋಬೇಕಪಾ, ಅದರಾಗೇನೈತಿ?" ಎಂದೆ. "ಸೊನ್ನಿ ಅಂದ್ರ ಡಬ್ಬಿ ಐತಿ, ಜೋಳ ಇಲ್ಲ. ಇದು ಡಬ್ಬೀನೂ ಇಲ್ಲದ್ದರಿ ಅತ್ತೀ" ಎಂದಳು. ಇಲ್ಲದ ಡಬ್ಬಿಯನ್ನು ತೂಗಲು ಹೋಗಿ ಬಿದ್ದಿತ್ತು ಆ ಯಂತ್ರ. ಇಂಥದ್ದನ್ನೆಲ್ಲ ಒಂದೊಂದೇ ತಿದ್ದುತ್ತ ಹೋದಂತೆ ಪಾಳಿ ನೆಟ್ಟಗಾಯಿತು. ಹೆಂಗಸರು ಮನೆಯಲ್ಲೇ ಕೂತು ಫೋನು ನೋಡಿ, ತಮ್ಮ ಪಾಳಿ ಬಂದಾಗ ಬರತೊಡಗಿದರು. ಒಂದೇ ಓಣಿಯವರು ಮಾತಾಡುತ್ತ ಜೋಡಿಯಾಗಿ ಬರಲು ಬಯಸುತ್ತಿದ್ದರು. ಅದಕ್ಕೆಂದು ಸುಜಾತಾ 'ಯಾರ ನಂತರ' ಎಂಬ ಒಂದು ಖಾನೆಯನ್ನೂ ಇಟ್ಟಳು. ಆ ಖಾನೆಯೇ ಮುಂದೆ ಮುಳುವಾಯಿತು.

ಗಿರಣಿಯ ಕಲ್ಲು ಬೀಸಿ ಬೀಸಿ ನುಣುಪಾದರೆ ಹಿಟ್ಟು ಬಿಸಿಯಾಗಿ ಕಮಟುತ್ತದೆ. ಆಗ ಕಲ್ಲನ್ನು ಬಿಚ್ಚಿ ಉಳಿಯಿಂದ ಕಚ್ಚು ಹೊಡೆಸಬೇಕು. ಹೊಡೆಸಿದ ಮೇಲೆ ಮೊದಲು ಬೀಳುವ ಹಿಟ್ಟಿನಲ್ಲಿ ಕಲ್ಲಿನ ಹರಳು ಬರುತ್ತದೆ. ನಾವು ದನಕ್ಕೆ ಹಾಕುವ ಜೋಳವನ್ನು ಮೊದಲು ಬೀಸಿ ಆ ಹರಳನ್ನೆಲ್ಲ ತೆಗೆದುಬಿಡುತ್ತೇವೆ. ಎಷ್ಟು ತೆಗೆದರೂ ಊರು ನಂಬುವುದಿಲ್ಲ. ಈ ಸಲ ಈರಣ್ಣ ಕಲ್ಲು ಹೊಡೆಸಿದ್ದು ಎಂಥ ಹೊತ್ತಿನಲ್ಲಿ ಎಂದರೆ, ನಾಗರ ಪಂಚಮಿ ಬಾಗಿಲಲ್ಲಿ ನಿಂತಿತ್ತು. ಪಂಚಮಿಗೆ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಅಂದು ಮನೆಮನೆಗೂ ರೊಟ್ಟಿ ಹಂಚುತ್ತೇವೆ. ಯಾರ ಮನೆಯ ರೊಟ್ಟಿ ಹಲ್ಲಿಗೆ ಕರಕ್ ಎಂದಿತು ಎನ್ನುವುದನ್ನು ಮುಂದಿನ ಪಂಚಮಿಯವರೆಗೂ ಮರೆಯದ ಊರು ಇದು. ಹೀಗಾಗಿ ಎಲ್ಲರಿಗೂ ಒಮ್ಮೆಲೇ ಹಿಟ್ಟು ಬೇಕು, ಮೊದಲ ಹಿಟ್ಟು ಮಾತ್ರ ಯಾರಿಗೂ ಬೇಡ.

ಕಲ್ಲು ಹೊಡೆಸಿದ ಮರುದಿನ ಮಧ್ಯಾಹ್ನ ಸರ್ವರು ನಿಂತಿತು. ಫೋನಿನಲ್ಲಿ ಚಕ್ರ ತಿರುಗುವುದೊಂದೇ, ಪಾಳಿ ಕಾಣಿಸದು. ಈರಣ್ಣನಿಗೆ ಒಂದೇ ಔಷಧಿ ಗೊತ್ತು. ಸ್ವಿಚ್ ತೆಗೆದು ಹಾಕಿದ. ಎದ್ದಿತು, ಪಟ್ಟಿಯನ್ನು ಓದಲು ಹೋಯಿತು, ಮತ್ತೆ ನಿಂತಿತು. ಗಿರಣಿಯ ಕಟ್ಟೆಯ ಮೇಲೆ ಡಬ್ಬಿಗಳ ಜೊತೆ ಹೆಂಗಸರು ಸೇರಿದರು. "ನಮ್ಮ ಡಬ್ಬಿನ ಚಲೋ ಇದ್ದುವ್ರಿ, ಕರೆಂಟ್ ಹೋದ್ರೂ ನಿಂದರತಿದ್ದುವು" ಎಂದಳು ಗಂಗವ್ವ. ಬಾಜೂ ಊರಲ್ಲೂ ಗಿರಣಿ ಇದೆಯಲ್ಲ ಎಂದು ಯಾರೋ ಗೊಣಗಿದ್ದು ಈರಣ್ಣನ ಚಲೋ ಕಿವಿಗೇ ಬಿತ್ತು. "ನೋಡು ಸುಜಾತಾ, ನಾಳೆ ಮುಂಜಾನೆ ಪಾಳಿ ಹೊಂಡಲಿಲ್ಲಂದ್ರ ಈ ಸರ್ವರ್ ಡಬ್ಬಿ ಕಿತ್ತು ಅಟ್ಟದ ಮ್ಯಾಲ ಒಗೀತೀನಿ. ಮತ್ತ ಇದರ ಹೆಸರ ಎತ್ತಬ್ಯಾಡ" ಎಂದ. ಎಷ್ಟೋ ತಿಂಗಳಿಂದ ಅಡಿಗೆ, ದನ, ಮಕ್ಕಳ ಶಾಲೆ ಎಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಅವಳು ಕೂತು ಕಟ್ಟಿದ್ದು ಅದು. ಮುಖ ಸಣ್ಣಗಾಗಿದ್ದನ್ನು ನಾನು ನೋಡಿದೆ. ನೋಡಿದ್ದಷ್ಟೇ, ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಚಾ ಕುಡೀತಿಯೇನ ಬೇ?" ಎಂದು ಕೇಳಿದೆ. ಬೇಡ ಎಂದಳು.

ತನ್ನ ಕಂಪ್ಯೂಟರನ್ನು ಕಟ್ಟೆಯ ಮೇಲೆಯೇ ಇಟ್ಟುಕೊಂಡು ಕೂತಳು. ಪಾಳಿಯ ತಲೆಗೆ ಯಾರಿದ್ದಾರೆ ಎಂದು ಹುಡುಕುವ ಕೆಲಸವನ್ನು ಆ ಸಣ್ಣ ಭಾಷೆ ಮಾಡುತ್ತಿತ್ತು. ಅದು ಎಲ್ಲಿ ಸಿಕ್ಕಿಬಿದ್ದಿದೆ ಎಂದು ನೋಡಲು, ಒಬ್ಬೊಬ್ಬರ ಹತ್ತಿರ ಹೋದಾಗಲೂ 'ಬಂದೆ' ಎಂದು ಕೂಗುವಂತೆ ಬರೆದಳು. ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು. ಕಟ್ಟೆಯ ಹೆಂಗಸರೆಲ್ಲ ಬಗ್ಗಿದರು, ಗಂಗವ್ವ ಮನೆತನದ ಹೆಸರು ಬಿಟ್ಟು ಗಟ್ಟಿಯಾಗಿ ಓದಿದಳು: "ಗಂಗವ್ವನ ಹತ್ತಿರ ಬಂದೆ. ಶಾಂತವ್ವನ ಹತ್ತಿರ ಬಂದೆ. ನೀಲವ್ವನ ಹತ್ತಿರ ಬಂದೆ. ಗಂಗವ್ವನ ಹತ್ತಿರ ಬಂದೆ. ಶಾಂತವ್ವನ..." ಎಣ್ಣೆಗಾಣದ ಎತ್ತಿನಂತೆ ಅದು ಮೂರೇ ಮನೆಗಳನ್ನು ಸುತ್ತುತ್ತಿತ್ತು. ಗಂಗವ್ವ ಶಾಂತವ್ವನ ನಂತರ ಎಂದು ಹಾಕಿದ್ದಳು. ಶಾಂತವ್ವ ನೀಲವ್ವನ ನಂತರ ಎಂದು. ನೀಲವ್ವ ಗಂಗವ್ವನ ನಂತರ. ಊರಿನ ಉಳಿದವರೆಲ್ಲ ಈ ಮೂವರ ಬೆನ್ನಿಗೆ ಸಾಲು. ಸಾಲಿಗೆ ಬಾಲವಿತ್ತು, ತಲೆಯೇ ಇರಲಿಲ್ಲ.

ನೀಲವ್ವ ಎಂದರೆ ನಾನು.

"ಅತ್ತೀ, ನೀವ್ಯಾವಾಗ ಹಾಕಿದ್ರಿ?" ಎಂದಳು ಸುಜಾತಾ.

"ಮುಂಜಾನೆ. ನೀನ ಕಲಿಸಿದ್ಯಲ್ಲ."

"ಗಿರಣಿ ನಿಮ್ಮದ ಐತೆಲ್ರಿ ನೀಲವ್ವಾಯಿ!" ಎಂದು ಶಾಂತವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಹರಳು ಇಲ್ಲ, ಅಗದೀ ಸ್ವಚ್ಛ ಐತಿ ಅಂತ ನಮಗ ಹೇಳಿದವ್ರು ನೀವ."

"ಇಲ್ಲ ಅಂತ ಹೇಳೀನಿ. ನಾ ಮೊದಲ ತಿಂತೀನಿ ಅಂತ ಹೇಳಿಲ್ಲ" ಎಂದೆ. ಹೆಂಗಸರೆಲ್ಲ ಕೊಳ್ಳೆಂದು ನಕ್ಕರು. ನಗಲಿ. ನಾನು ಗಂಗವ್ವನ ಮೇಲೆ ನಂಬಿಕೆ ಇಟ್ಟು ಅವಳ ಹಿಂದೆ ನಿಂತವಳು. ಅವಳು ಮುಂದೆ ಹೋಗುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು?

ಸುಜಾತಾ ಮಾತ್ರ ನಗಲಿಲ್ಲ. ಕೂತಲ್ಲಿಂದ ಏಳದೆ ತಿದ್ದಿದಳು. ಆ ಸಣ್ಣ ಭಾಷೆ ಒಂದೇ ಜಾಗದಲ್ಲಿ ಬಹಳ ಹೊತ್ತು ಸುತ್ತಿದರೆ ಹೊರಗಿನ ದೊಡ್ಡ ಭಾಗ ಅದರ ಹಗ್ಗ ಜಗ್ಗಿ ನಿಲ್ಲಿಸುವ ಹಾಗೆ ಮಾಡಿದಳು. ಸರ್ವರು ಎದ್ದು ಕೂತಿತು. ಎಲ್ಲರ ಫೋನಿನಲ್ಲೂ ಒಂದೇ ಮಾತು ಬಂತು: 'ಮೊದಲು ಯಾರು ಎಂದು ನೀವೇ ತೀರ್ಮಾನಿಸಿರಿ.' ತೀರ್ಮಾನವೇ? ಮೂವರೂ ಆಕಾಶ ನೋಡಿದೆವು. "ನೀನ ಒಬ್ಬರ್ನ ಮೊದಲ ಹಾಕಿಬಿಡು" ಎಂದ ಈರಣ್ಣ. "ಮಿಶನ್ನಿನ್ಯಾಗ ಹಾಕಬಹುದ್ರಿ. ಓಣ್ಯಾಗ ಬಾಳೇವು ಮಾಡಾಕಿ ನಾನ ಅಲ್ಲ?" ಎಂದಳು ಅವಳು. ಅದೂ ಖರೇನೇ. ಡಬ್ಬಿಗಳನ್ನು ಎತ್ತಿಕೊಂಡು ಎಲ್ಲರೂ ಮನೆಗೆ ಹೋದರು. ಈರಣ್ಣ ಸ್ಕ್ರೂಡ್ರೈವರನ್ನು ಹುಡುಕಿ ಗೂಡಿನ ಬಾಯಿಗೇ ಇಟ್ಟ, ಕಾಣಲಿ ಎಂದು.

ಮರುದಿನ ಮುಂಜಾನೆ ಮುಖ ತೊಳೆದವಳೇ ಜೋಳದ ಡಬ್ಬಿಯನ್ನು ಬಗಲಿಗೆ ಏರಿಸಿದೆ. "ನನ್ನ ಹೆಸರಿನ ಮುಂದಿನ ಗಂಗವ್ವನ್ನ ತಗಿ" ಎಂದು ಸುಜಾತಾಳಿಗೆ ಹೇಳಿದೆ. "ಯಾಕ್ರೀ ಅತ್ತೀ?" ಎಂದಳು. "ಯಾಕ ಅಂತ ಕೇಳಬ್ಯಾಡ, ತಗಿ." ಗಿರಣಿಗೆ ಹೋಗಿ ನೆರೆದವರ ಕಣ್ಣೆದುರೇ ಜೋಳ ಸುರಿದೆ. ಕಲ್ಲು ಗುಡುಗಿತು. ಸುಜಾತಾ ಬೆರಳೊತ್ತಿದ್ದೇ ತಡ, ಕಟ್ಟೆಯ ಫೋನುಗಳೆಲ್ಲ ಒಟ್ಟಿಗೆ ಬೆಳಗಿದವು: ನೀಲವ್ವ, ಬೀಸುತ್ತಿದೆ, ಮುಂದೆ ಶಾಂತವ್ವ, ಆಮೇಲೆ ಗಂಗವ್ವ, ಅವರ ಹಿಂದೆ ಊರು. ಈರಣ್ಣ ಸ್ಕ್ರೂಡ್ರೈವರ್ ತೆಗೆದು ಕಿಸೆಗೆ ಹಾಕಿಕೊಂಡ. ಸೊಸೆಯ ಮುಖ ಮತ್ತೆ ಮೊದಲಿನ ಗಾತ್ರಕ್ಕೆ ಬಂತು.

ಬೆಚ್ಚಗಿನ ಹಿಟ್ಟನ್ನು ಮನೆಗೆ ತಂದು, ಎಸರು ಹಾಕಿ ನಾದಿ, ರೊಟ್ಟಿ ಬಡಿದೆ. ಗಂಗವ್ವ ತನ್ನ ಹಿಟ್ಟಿನ ಡಬ್ಬಿಯೊಡನೆ ನೇರವಾಗಿ ನಮ್ಮ ಬಾಗಿಲಿಗೇ ಬಂದು ನಿಂತು, "ಹೆಂಗೈತ್ರಿ ನೀಲವ್ವಾಯಿ, ಕರಕ್ ಅಂತೇನು?" ಎಂದಳು. ಮೊದಲ ರೊಟ್ಟಿಗೆ ಬೆಣ್ಣೆ ಸವರಿ, ಈರಣ್ಣನನ್ನು ಕರೆದು ತಾಟು ಮುಂದಿಟ್ಟೆ. "ನೀ ತಿನ್ನಬೇ ಅವ್ವಾ ಮೊದಲ, ನೀನ ಬೀಸಿಕೊಂಡು ಬಂದೀದಿ" ಎಂದ. "ನನಗ ಹಲ್ಲು ಉಳಿದಾವ ನಾಕು. ಸುಮ್ಮನ ತಿನ್ನಲೇ" ಎಂದೆ. ಅವನು ತುತ್ತು ಮುರಿದು ಅಗಿದ. ನಾನೂ ಗಂಗವ್ವನೂ ಉಸಿರು ಹಿಡಿದು ಅವನ ದವಡೆಗೆ ಕಿವಿ ಕೊಟ್ಟೆವು. ಅವನು ನುಂಗಿ, ನೀರು ಕುಡಿದು, ತಾನಾಗಿಯೇ ಇನ್ನೊಂದು ತುತ್ತಿಗೆ ಕೈಹಾಕಿದ ಮೇಲೆ, ನಾನು ನನ್ನ ತಾಟಿಗೆ ಒಂದು ರೊಟ್ಟಿ ಹಾಕಿಕೊಂಡೆ.