ಸೋದರಮಾವನ ಬೆರಕೆ ವೈನು

ನಮ್ಮ ಸೋದರಮಾವನಂಥ ಕುಡುಕರು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಇಲ್ಲವೆಂದು ನೆಂಟರೆಲ್ಲ ನಂಬಿದ್ದಾರೆ. ಮನೆಯಲ್ಲೇ ವೈನು ಮಾಡುವವರನ್ನು ಇನ್ನೇನೆನ್ನಬೇಕು? ಆದರೆ ಅವರು ಕುಡಿಯುವುದು ಎಷ್ಟು ಗೊತ್ತೇ? ಕಾಫಿ ಲೋಟದ ತಳ ಮುಚ್ಚಿದರೆ ಹೆಚ್ಚು! ಅದನ್ನೂ ಮೂಸಿ, ಬೆಳಕಿಗೆ ಹಿಡಿದು, ಮತ್ತೆ ಮೂಸಿ, ಕೊನೆಗೆ ಕುಡಿಯುವುದನ್ನೇ ಮರೆತು ಹಸುವಿಗೆ ಹುಲ್ಲು ಹಾಕಲು ಹೋಗಿಬಿಡುತ್ತಾರೆ.

ಮೇಲೂರಿನ ಪಕ್ಕ ಅವರದು ಎರಡು ದ್ರಾಕ್ಷಿ ಚಪ್ಪರ. ಒಂದರಲ್ಲಿ ನಮ್ಮ ಕಡೆಯ ಬೆಂಗಳೂರು ಬ್ಲೂ, ಇನ್ನೊಂದರಲ್ಲಿ ವೈನಿಗೆಂದೇ ಬೆಳೆಯುವ ಶಿರಾಜ್. ಎರಡನ್ನೂ ಬೇರೆ ಬೇರೆ ಜಾಡಿಗಳಲ್ಲಿ ಹುದುಗಲು ಬಿಟ್ಟು ಆಮೇಲೆ ಬೆರೆಸುವುದೇ ಅವರ ಹುಚ್ಚು.

"ಒಂದೇ ಜಾತೀದು ಮಾಡಿದ್ರೆ ಆಗಲ್ವಾ ಮಾವ?" ಎಂದೆ ಒಮ್ಮೆ.

"ಬೆರಕೆ ಸೊಪ್ಪಿನ ಸಾರು ಕೈ ನೆಕ್ಕೊಂಡು ತಿಂತೀಯಲ್ಲಪ್ಪ, ಒಂದೇ ಸೊಪ್ಪು ಹಾಕಿದ್ರೆ ಆ ರುಚಿ ಬರ್ತದಾ? ಬ್ಲೂಗೆ ಬರೀ ಬಾಯಿ ಕಣೋ. ಬೀದೀಲಿದ್ದಾಗ್ಲೇ ಘಮ್ ಅಂತ ಕೂಗ್ತದೆ, ಒಳಗೆ ಬಂದ್ರೆ ನೀರು! ಶಿರಾಜ್ ಮಾತೇ ಆಡಲ್ಲ. ಕಪ್ಪಗೆ, ಒಗರಾಗಿ, ಮೆಣಸಿನ ಖಾರ ಇಟ್ಕೊಂಡು ಮೂಲೇಲಿ ಕೂತಿರ್ತದೆ. ಎರಡೂ ಸೇರಿದ್ರೆ ಸಂಸಾರ!"

"ಅದ್ರಲ್ಲಿ ನಾನು ಯಾವ್ದು?" ಒಳಗಿನಿಂದ ಅತ್ತೆಯ ದನಿ.

ಮಾವನಿಗೆ ತಟ್ಟನೆ ತೋಟದ ಬೇಲಿಯ ನೆನಪಾಯಿತು!

ಒಮ್ಮೆ ಚಿಂತಾಮಣಿಯಿಂದ ಬೀಗರು ಬಂದರು. ಮಾವ ತೀರ್ಥ ಕೊಟ್ಟಂತೆ ಒಂದು ಚಮಚ ಕೊಟ್ಟರು. ಬೀಗರು ಗುಟುಕ್ಕನೆ ನುಂಗಿ, "ಮಂಚಿಗುಂದಿ ಬಾವಾ, ಇಂಕೊಂಚೆಂ ಪೊಯ್ಯಿ" ಎಂದು ತೆಲುಗಿನಲ್ಲೇ ಹೊಗಳಿ, ಇನ್ನೊಂಚೂರು ಹಾಕಿ ಎಂದು ಮತ್ತೆ ಕೈ ಚಾಚಿದರು.

"ನುಂಗ್ಬಿಟ್ರಾ? ಮೊದ್ಲು ಏನು ಬಂತು ಹೇಳಿ, ಘಮಾನೋ ಒಗರೋ?" ಎನ್ನುತ್ತ ಮಾವ ಜಾಡಿ ಮುಚ್ಚಿದರು. "ಆ ಮನೇಲಿ ವೈನು ಕೊಡಲ್ಲ, ಪರೀಕ್ಷೆ ಕೊಡ್ತಾರೆ" ಎಂದು ಬೀಗರು ಇವತ್ತಿಗೂ ಮದುವೆ ಮನೆಗಳಲ್ಲಿ ದೂರುತ್ತಾರೆ.

ಎರಡು ವರ್ಷದ ಹಿಂದೆ ಅತ್ತೆಗೆ ಜ್ವರ ಬಂತು. ಬಿಟ್ಟು ಹೋಗುವಾಗ ಅದು ಅವರ ವಾಸನೆ ತಿಳಿಯುವ ಶಕ್ತಿಯನ್ನೂ ಕೊಂಡೊಯ್ದಿತು. ಒಗ್ಗರಣೆ ಸೀದರೂ ತಿಳಿಯದು. ಮಲ್ಲಿಗೆ ಮುಡಿಯುವುದನ್ನೇ ಬಿಟ್ಟರು. "ಕಾಗದ ತಿಂದಂಗಾಗ್ತದೆ ಕಣಪ್ಪ" ಎಂದು ಊಟದ ನಡುವೆಯೇ ಏಳುತ್ತಿದ್ದರು. ಗಾಢವಾದ ವಾಸನೆಗಳನ್ನು ದಿನವೂ ಮೂಸಲಿ, ನಿಧಾನವಾಗಿ ಬರಬಹುದು ಎಂದರು ಡಾಕ್ಟರು.

ಮಾವನಿಗೆ ಇನ್ನಾವ ವಾಸನೆ ಗೊತ್ತು? ಒಂದು ದಿನ ಬ್ಲೂ ಹೆಚ್ಚು ಮಾಡುವರು, ಮರುದಿನ ಶಿರಾಜ್. ಲೋಟ ಹಿಡಿದು ಅತ್ತೆಯ ಪಕ್ಕ ಜಗಲಿಯಲ್ಲಿ ಕೂರುವರು.

"ಬಂತಾ?"

"ಇಲ್ಲಾ ರೀ."

"ಹೋಗ್ಲಿ ಬಿಡು. ನಾಳೆ ನೋಡಣ."

ಒಂದು ಕೊಯ್ಲು ಕಳೆದು ಇನ್ನೊಂದು ಕೊಯ್ಲು ಬಂತು. ಮೊನ್ನೆ ನಾನು ಅಲ್ಲಿದ್ದೆ. ಮಾವ ಎಂದಿನಂತೆ ಲೋಟ ಹಿಡಿದರು. ಅತ್ತೆ ಮುಖ ಸಿಂಡರಿಸಿ ಹಿಂದೆ ಸರಿದರು.

"ಥೂ! ಏನ್ರೀ ಇದು, ನಾತ!"

ಮಾವ ಲೋಟ ಕೆಳಗಿಟ್ಟು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು.

"ಇನ್ನೊಂದ್ಸಲ ಬೈಯೇ," ಎಂದರು ಟವೆಲಿನ ಒಳಗಿನಿಂದಲೇ.

ಅತ್ತೆ ಹತ್ತಿರ ಸರಿದು ಅವರ ಬೆನ್ನ ಮೇಲೆ ಕೈಯಿಟ್ಟರು.

"ನಾತ ಕಣ್ರೀ," ಎಂದರು ಮೆಲ್ಲಗೆ, "ತುಂಬಾ ನಾತ."